ಗಾಳಿಯೆಷ್ಟು, ಎಣ್ಣೆಯೆಷ್ಟು?

ಒಲೆಯ ಮುಂದೆ ಕುಳಿತ ಗೃಹಿಣಿಗೆ ಬೆಂಕಿಯ ಹದವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಹೊಗೆಯೆದ್ದು ಕಣ್ಣು ಉರಿದರೆ ಗಾಳಿ ಸಾಲದೆಂದು ತಿಳಿದು ಊದುಗೊಳವೆಯನ್ನು ಕೈಗೆತ್ತಿಕೊಳ್ಳುತ್ತಾಳೆ. ಉರಿ ಭುಗಿಲೆದ್ದು ರೊಟ್ಟಿ ಸೀಯುವಂತಾದರೆ ಕೊಳ್ಳಿಯನ್ನು ಹಿಂದಕ್ಕೆಳೆಯುತ್ತಾಳೆ. ಮೋಟಾರು ಗಾಡಿಯ ಎಂಜಿನ್ನೂ ಒಂದು ಒಲೆಯೇ. ಆದರೆ ಅದು ಬಾಯಿ ಮುಚ್ಚಿದ ಒಲೆ. ನಿಮಿಷಕ್ಕೆ ಸಾವಿರಾರು ಸಲ ಹೊತ್ತಿ ಆರುವ ಅಲ್ಲಿನ ಜ್ವಾಲೆ ಓಡಿಸುವವನ ಕಣ್ಣಿಗೆ ಬೀಳುವುದಿಲ್ಲ. ಆ ಕಾಣದ ಬೆಂಕಿಯ ಹದವನ್ನು ಹೊರಬೀಳುವ ಹೊಗೆಯಿಂದಲೇ ಅಳೆದು ಹೇಳುವ ಸಣ್ಣ ಉಪಕರಣವೊಂದಿದೆ. ಅದಕ್ಕೆ ವೈಡ್‌ಬ್ಯಾಂಡ್ ಗೇಜು ಎಂದು ಹೆಸರು. ಅಂಗೈಯಲ್ಲಿ ಹಿಡಿಯುವ ಈ ವಸ್ತುವನ್ನು ಕೊಳ್ಳುವಾಗ ಏನನ್ನು ನೋಡಬೇಕು, ಏನಕ್ಕೆ ಮರುಳಾಗಬಾರದು ಎಂಬುದೇ ಈ ವಾರದ ಮಾತು.

ಸಾಹಿತ್ಯದ ಪಾಠ ಹೇಳುವವನಿಗೆ ಮೋಟಾರಿನ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ನವಲಗುಂದ ತಾಲೂಕಿನ ಹಳ್ಳಿಯೊಂದರಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬ ಎರಡು ಇಂಗ್ಲಿಷ್ ಕೈಪಿಡಿಗಳನ್ನು ತಂದು ಓದಿ ಹೇಳಿರೆಂದು ಕೇಳಿದ. ಅವನ ಮನೆಯಲ್ಲಿ ಕಾರ್ಬ್ಯುರೇಟರಿನ ಕಾಲದ ಹಳೆಯ ಮಾರುತಿ 800 ಇದೆ. ಬಯಲಿನಲ್ಲಿ ನಡೆಯುವ ಆಟೋಕ್ರಾಸ್ ಸ್ಪರ್ಧೆಯ ಆಸೆಯಿಂದ ಅಣ್ಣತಮ್ಮಂದಿರು ಅದರ ಸಿಲಿಂಡರ್ ಹೆಡ್ಡನ್ನು ಕೆಲಸಕ್ಕೆ ಕೊಟ್ಟು, ಜೆಟ್ಟುಗಳನ್ನು ಬದಲಿಸಿದ್ದರು. ಜೆಟ್ಟನ್ನು ಅಂದಾಜಿನಲ್ಲಿ ಹಾಕಿದ ಫಲವಾಗಿ ಒಂದು ಪಿಸ್ಟನ್ನು ಕರಗಿ ತೂತು ಬಿದ್ದಿತ್ತು. ತಂದೆ ಕಡಲೆ ಮಾರಿದ ಹಣದಿಂದ ಅದನ್ನು ರಿಪೇರಿ ಮಾಡಿಸಿಕೊಟ್ಟು, ಇನ್ನೊಮ್ಮೆ ಹೀಗಾದರೆ ಗಾಡಿಯನ್ನೇ ಮಾರುವುದಾಗಿ ಹೇಳಿದ್ದರು. ಅಪರಾತ್ರಿಯಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಬೇಕಾದರೆ ಆ ಮನೆಗೆ ಇರುವುದೂ ಅದೊಂದೇ ಗಾಡಿ. ಹುಡುಗ ಕೇಳಿದ್ದಿಷ್ಟು: “ಸರ, ಈ ಎರಡರಾಗ ಯಾವುದು ತೊಗೊಳ್ಳೂಣ್ರಿ? ಒಂದು ಬಣ್ಣ ಬಣ್ಣದ ದೀಪ ತೋರಸ್ತೈತಿ, ಇನ್ನೊಂದು ಬರೇ ಅಂಕಿ ಹೇಳತೈತಿ.”

ಉತ್ತರ ಹೇಳುವ ಮೊದಲು ಒಲೆಯ ಲೆಕ್ಕವನ್ನು ತಿಳಿಯಬೇಕು. ಒಂದು ಕಿಲೋ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಣ್ಣೆ ಇದಕ್ಕಿಂತ ಹೆಚ್ಚಾದರೆ ಮಿಶ್ರಣ ‘ರಿಚ್’ ಆಯಿತೆಂದೂ, ಕಡಿಮೆಯಾದರೆ ‘ಲೀನ್’ ಆಯಿತೆಂದೂ ಗ್ಯಾರೇಜಿನ ಭಾಷೆ. ಸಿರಿವಂತಿಕೆ ಅತಿಯಾದರೆ ಹಣ ಹೊಗೆಯಾಗಿ ಹೋಗುತ್ತದೆ, ಸಿಲಿಂಡರಿನ ಗೋಡೆಯ ಆಯಿಲು ತೊಳೆದುಹೋಗುತ್ತದೆ. ಆದರೆ ಬಡತನದ ಅಪಾಯ ಅದಕ್ಕಿಂತ ದೊಡ್ಡದು. ಎಂಜಿನ್ನಿನ ಮೇಲೆ ಪೂರ್ಣ ಭಾರ ಬಿದ್ದಾಗ ಎಣ್ಣೆ ಸಾಲದಿದ್ದರೆ ಉಷ್ಣ ಏರುತ್ತದೆ, ಮಿಶ್ರಣ ಅಕಾಲದಲ್ಲಿ ಸಿಡಿಯುತ್ತದೆ. ವಾಲ್ವು ಸುಡುತ್ತದೆ, ಪಿಸ್ಟನ್ನು ಕರಗುತ್ತದೆ. ಹುಬ್ಬಳ್ಳಿಯಿಂದ ಕಲಘಟಗಿಯ ಮೇಲೆ ಅಂಕೋಲೆಗೆ ಹೋಗಿ, ತಿರುಗಿ ಬರುವಾಗ ಅರಬೈಲು ಘಟ್ಟವನ್ನು ಏರುವ ಸಂಸಾರಸಮೇತ ಗಾಡಿಯನ್ನು ನೆನೆದುಕೊಂಡರೆ, ಪೂರ್ಣ ಭಾರವೆಂದರೇನೆಂಬುದು ತಿಳಿಯುತ್ತದೆ.

ಈ ಹದವನ್ನು ಅರಿಯುವ ಸಾಧನ ಹೊಸದೇನಲ್ಲ. ಜರ್ಮನಿಯ ಬಾಷ್ ಸಂಸ್ಥೆಯ ಲ್ಯಾಂಬ್ಡಾ ಸೆನ್ಸರು 1976ರಲ್ಲೇ ವೋಲ್ವೋ ಕಾರನ್ನು ಸೇರಿತ್ತು. ಆ ಮೊದಲ ಜಾತಿಯನ್ನು ನ್ಯಾರೋಬ್ಯಾಂಡ್ ಎನ್ನುತ್ತಾರೆ. ಹದ ಸರಿಯಿರುವ ಬಿಂದುವಿನಲ್ಲಿ ಅದರ ವಿದ್ಯುತ್ತು ಸುಮಾರು 0.45 ವೋಲ್ಟು, ಒಂದಿಷ್ಟು ಆಚೀಚೆಯಾದರೆ ಮೇಲಕ್ಕೋ ಕೆಳಕ್ಕೋ ಒಮ್ಮೆಲೇ ಜಿಗಿಯುತ್ತದೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವಕ್ಕೆ ಕುಳಿತ ಸಾಮಾನ್ಯ ಶ್ರೋತೃವಿನ ಕಿವಿಯಂತೆ ಅದು: ಶ್ರುತಿ ತಪ್ಪಿತೆಂದು ಗುರುತಿಸೀತು, ಎಷ್ಟು ತಪ್ಪಿತೆಂದು ಹೇಳಲಾರದು. ಬಣ್ಣದ ದೀಪಗಳನ್ನು ಓಡಾಡಿಸುವ ಅಗ್ಗದ ಗೇಜುಗಳಲ್ಲಿ ಹಲವು ಇಂಥ ಸೆನ್ಸರನ್ನೇ ನೆಚ್ಚಿದವು. ನೋಡಲು ದೀಪಾವಳಿ; ಜೆಟ್ಟಿನ ಗಾತ್ರವನ್ನು ನಿರ್ಧರಿಸಲು ನಿರುಪಯೋಗಿ.

ವೈಡ್‌ಬ್ಯಾಂಡಿನ ರೀತಿ ಬೇರೆ. ಅದರೊಳಗೆ ಸೂಕ್ಷ್ಮವಾದ ಒಂದು ಕುಹರವಿದೆ. ಹೊಗೆ ಅದರೊಳಕ್ಕೆ ಇಳಿದಾಗ, ಅಲ್ಲಿ ಯಾವಾಗಲೂ ಸರಿಯಾದ ಹದವೇ ನೆಲೆಸಿರುವಂತೆ ಆಮ್ಲಜನಕವನ್ನು ವಿದ್ಯುತ್ತಿನ ಬಲದಿಂದ ಹೊರಕ್ಕೋ ಒಳಕ್ಕೋ ಸಾಗಿಸಲಾಗುತ್ತದೆ. ಹಾಗೆ ಸಾಗಿಸಲು ತಗುಲಿದ ವಿದ್ಯುತ್ತಿನ ಪ್ರಮಾಣವೇ ಹದ ಎಷ್ಟು ತಪ್ಪಿದೆ ಎಂಬುದರ ಅಳತೆ. ಈ ಕೆಲಸ ನಡೆಯಬೇಕಾದರೆ ಸೆನ್ಸರಿನ ತುದಿ 700 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಣ ಶಾಖದಲ್ಲಿ ಸ್ಥಿರವಾಗಿರಬೇಕು. ಆ ಶಾಖವನ್ನೂ ವಿದ್ಯುತ್ತನ್ನೂ ಆಳುವ ನಿಯಂತ್ರಕ ಗೇಜಿನ ಬೆನ್ನ ಹಿಂದೆ ಅಡಗಿರುತ್ತದೆ. ಆದ್ದರಿಂದ ಮುಂದಿನ ಗಾಜಿನ ಅಂದಕ್ಕಿಂತ ಹಿಂದಿನ ನಿಯಂತ್ರಕದ ಗುಣವೂ ಕೊಳವೆಯೊಳಗಿನ ಸೆನ್ಸರಿನ ಕುಲವೂ ಮುಖ್ಯ.

ಮಾರುಕಟ್ಟೆಯಲ್ಲಿ ಬಹುವಾಗಿ ಕಾಣುವವು ಬಾಷ್‌ನ ಎಲ್‌ಎಸ್‌ಯು 4.2 ಮತ್ತು 4.9 ಎಂಬ ಎರಡು ಸೆನ್ಸರುಗಳು. 4.2 ಹೊರಗಿನ ಗಾಳಿಯನ್ನು ತನ್ನ ಒರೆಗಲ್ಲಾಗಿ ಬಳಸುತ್ತದೆ. ಆ ಗಾಳಿಗೆ ಎಣ್ಣೆ, ಹೊಗೆಗಳ ಸೋಂಕು ತಗುಲಿದರೆ ಒರೆಯೇ ಕೆಡುತ್ತದೆ. ಅಲ್ಲದೆ ಕೆಲವು ಗೇಜುಗಳಲ್ಲಿ ಅದನ್ನು ಆಗಾಗ್ಗೆ ಬಿಚ್ಚಿ, ಬಯಲಿನ ಶುದ್ಧ ಗಾಳಿಯನ್ನು ತೋರಿಸಿ ಲೆಕ್ಕ ಸರಿಪಡಿಸಬೇಕಾಗುತ್ತದೆ. 4.9 ತನ್ನ ಒರೆಗಲ್ಲನ್ನು ತನ್ನೊಳಗೇ ನಿರ್ಮಿಸಿಕೊಳ್ಳುತ್ತದೆ. ಅಮೆರಿಕದ ಎಇಎಂ ಸಂಸ್ಥೆಯ ಎಕ್ಸ್-ಸೀರೀಸ್, ಇನೋವೇಟ್ ಸಂಸ್ಥೆಯ ಎಂಟಿಎಕ್ಸ್-ಎಲ್ ಪ್ಲಸ್ ಗೇಜುಗಳು ಈ ಎರಡನೆಯದನ್ನು ಬಳಸುವವು. ಯಾವುದನ್ನು ಕೊಂಡರೂ ಸೆನ್ಸರು ಸವೆಯುವ ವಸ್ತುವೆಂಬುದನ್ನು ಮರೆಯಬಾರದು. ಬದಲಿ ಸೆನ್ಸರು ಬಿಡಿಯಾಗಿ ಸಿಗುವುದೇ, ಅದರ ಬೆಲೆಯೆಷ್ಟು ಎಂದು ಮೊದಲೇ ವಿಚಾರಿಸುವುದು ಜಾಣತನ.

ಇನ್ನು ಅಂಕಿಯ ಮಾತು. ಇಲ್ಲಿಯೇ ಬಲ್ಲವರೂ ಎಡವುವುದು. ಬೆಂಗಳೂರಿನಲ್ಲಿ 2023ರ ಫೆಬ್ರುವರಿ 6ರಂದು ಇ-20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಎಂದರೆ ನೂರು ಭಾಗದಲ್ಲಿ ಇಪ್ಪತ್ತು ಭಾಗ, ಕಬ್ಬು ಮೆಕ್ಕೆಜೋಳ ಮೊದಲಾದವುಗಳಿಂದ ತೆಗೆದ ಎಥೆನಾಲು. ಶುದ್ಧ ಎಥೆನಾಲಿಗೆ ಬೇಕಾಗುವ ಗಾಳಿ ಕಿಲೋಕ್ಕೆ 9 ಕಿಲೋ ಮಾತ್ರ. ಹೀಗಾಗಿ ಇ-20ರ ಸರಿಯಾದ ಹದ 14.7 ಅಲ್ಲ, ಸುಮಾರು 13.5. ಹಳೆಯ ಜೆಟ್ಟನ್ನೇ ಉಳಿಸಿಕೊಂಡ ಕಾರ್ಬ್ಯುರೇಟರಿನ ಗಾಡಿಗೆ ಹೊಸ ಎಣ್ಣೆ ಹಾಕಿದೊಡನೆ, ಯಾರೂ ಕೈಯಾಡಿಸದಿದ್ದರೂ ಮಿಶ್ರಣ ನೂರಕ್ಕೆ ಏಳೆಂಟರಷ್ಟು ಬಡವಾಗುತ್ತದೆ.

ಹಾಗಾದರೆ ಎಣ್ಣೆ ಬದಲಾದಾಗಲೆಲ್ಲ ಹೊಸ ಕೋಷ್ಟಕವನ್ನು ಬಾಯಿಪಾಠ ಮಾಡಬೇಕೆ? ಬೇಕಾಗಿಲ್ಲ. ಅಣ್ಣಿಗೇರಿಯ ಕಡೆಯ ರೈತರು ಬೆಳೆಯ ಸ್ಥಿತಿಯನ್ನು ಹೇಳುವ ಬಗೆಯನ್ನು ನೆನೆಯಿರಿ. ಕಡಲೆ ಎಕರೆಗೆ ಎಷ್ಟು ಕ್ವಿಂಟಲು, ಜೋಳ ಎಷ್ಟು, ಮೆಣಸಿನಕಾಯಿ ಎಷ್ಟು ಎಂಬ ಲೆಕ್ಕಗಳು ಬೇರೆ ಬೇರೆ. ಆದರೆ “ಈ ಸಲ ಬೆಳೆ ಹತ್ತಾಣೆ” ಎಂದರೆ ಯಾವ ಬೆಳೆಯಾದರೂ ಅರ್ಥ ಒಂದೇ: ಪೂರ್ಣ ಬೆಳೆ ಹದಿನಾರಾಣೆಯಾದರೆ ಬಂದದ್ದು ಹತ್ತು. ಲ್ಯಾಂಬ್ಡಾ ಎಂಬುದು ಗಾಳಿಯ ಆಣೆವಾರಿ. ಎಣ್ಣೆ ಯಾವುದೇ ಇರಲಿ, ಅದಕ್ಕೆ ಬೇಕಾದಷ್ಟೇ ಗಾಳಿಯಿದ್ದರೆ ಲ್ಯಾಂಬ್ಡಾ 1, ಎಂದರೆ ಹದಿನಾರಾಣೆ. ಸಮತಟ್ಟಾದ ದಾರಿಯಲ್ಲಿ ಸಾವಧಾನವಾಗಿ ಹೋಗುವಾಗ ಇದರ ಆಸುಪಾಸು ಇದ್ದರೆ ಸಾಕು. ಟರ್ಬೋ ಇಲ್ಲದ ಎಂಜಿನ್ನಿಗೆ ಪೂರ್ಣ ಭಾರದಲ್ಲಿ 0.87ರ ಸುಮಾರಿಗೆ ಇರಬೇಕು, ಎಂದರೆ ಹದಿನಾಲ್ಕಾಣೆ ಗಾಳಿ. ಹಳೆಯ ಜೆಟ್ಟಿನಲ್ಲಿ ಇ-20 ಉರಿಸಿದರೆ ಹದಿನಾರಿದ್ದದ್ದು ಹದಿನೇಳನ್ನು ದಾಟುತ್ತದೆ.

ಲ್ಯಾಂಬ್ಡಾ ತೋರಿಸದೆ 14.7ರ ಭಾಷೆಯನ್ನೇ ಆಡುವ ಗೇಜಿನ ತೊಡಕನ್ನು ನೋಡಿ. ಸೆನ್ಸರು ನಿಜವಾಗಿ ಅಳೆಯುವುದು ಆಣೆವಾರಿಯನ್ನೇ. ಗೇಜು ಅದನ್ನು ಯಾವುದೋ ಒಂದು ಎಣ್ಣೆಯ ಲೆಕ್ಕದಿಂದ ಗುಣಿಸಿ ಅಂಕಿ ತೋರಿಸುತ್ತದೆ. ಗೇಜನ್ನು ಇ-20ರ ಲೆಕ್ಕಕ್ಕೆ ಇಟ್ಟು, ಶುದ್ಧ ಪೆಟ್ರೋಲಿನ ಕಾಲದ ಪುಸ್ತಕ ನೋಡಿ, ಪೂರ್ಣ ಭಾರಕ್ಕೆ 12.9 ಬಂದರೆ ಕ್ಷೇಮವೆಂದು ನಂಬಿದವನಿಗೆ ನಿಜವಾಗಿ ದೊರೆತದ್ದು ಲ್ಯಾಂಬ್ಡಾ 0.95ಕ್ಕೂ ಮೇಲೆ. ಹದಿನಾಲ್ಕಾಣೆ ಎಂದುಕೊಂಡದ್ದು ಹದಿನೈದನ್ನು ಮೀರಿದೆ. ಅಂಕಿ ಸುಳ್ಳಲ್ಲ, ಅಳತೆಯ ಕೊಳಗ ಬೇರೆ. ಆದಕಾರಣ ಲ್ಯಾಂಬ್ಡಾದಲ್ಲಿ ತೋರಿಸಬಲ್ಲ ಗೇಜನ್ನೇ ಕೊಂಡು, ಅದನ್ನು ಆ ಲೆಕ್ಕಕ್ಕೇ ಇಟ್ಟು, ಪುನಃ ಬದಲಿಸದಿರುವುದು ಲೇಸು.

ಒಳ್ಳೆಯ ಗೇಜೂ ಕೆಟ್ಟ ಜೋಡಣೆಯಲ್ಲಿ ಸುಳ್ಳು ಸಾಕ್ಷಿ ಹೇಳುತ್ತದೆ. ಸೆನ್ಸರನ್ನು ಎಂಜಿನ್ನಿನಿಂದ ಸುಮಾರು ಎರಡಡಿ ದೂರದಲ್ಲಿ, ಕ್ಯಾಟಲಿಟಿಕ್ ಕನ್ವರ್ಟರಿದ್ದರೆ ಅದಕ್ಕೂ ಮೊದಲು, ಸೈಲೆನ್ಸರ್ ಪೈಪಿನ ಮೇಲ್ಭಾಗದಲ್ಲಿ ಓರೆಯಾಗಿ ಕೂರಿಸಬೇಕು. ಅಡಿಯಲ್ಲಿಟ್ಟರೆ ಪೈಪಿನೊಳಗೆ ಸಂಗ್ರಹವಾಗುವ ನೀರು ಕಾದ ತುದಿಯನ್ನು ಒಡೆಯುತ್ತದೆ. ಪೈಪಿನ ಬೆಸುಗೆಯಲ್ಲಿ ಸೀಳಿದ್ದರೆ ಹೊರಗಿನ ಗಾಳಿ ನುಗ್ಗಿ, ಎಣ್ಣೆ ಸಾಕಷ್ಟಿದ್ದರೂ ಗೇಜು ಬಡತನವನ್ನೇ ಸಾರುತ್ತದೆ. ಪ್ಲಗ್ಗು ಹೊತ್ತದೆ ಹೋದಾಗಲೂ ಹೀಗೆಯೇ: ಉರಿಯದ ಎಣ್ಣೆ ಅದಕ್ಕೆ ಸರಿಯಾಗಿ ಕಾಣದು, ಉರಿಯದ ಆಮ್ಲಜನಕ ಮಾತ್ರ ಕಾಣುತ್ತದೆ. ಸೆನ್ಸರನ್ನು ವಿದ್ಯುತ್ತಿಲ್ಲದೆ ಹೊಗೆಯಲ್ಲಿ ಬಿಟ್ಟರೆ ಮಸಿ ಕಟ್ಟಿ ಸಾಯುತ್ತದೆ. ಓಡಿಸುವವನು ದಾರಿಯ ಬದಲು ಗೇಜನ್ನು ನೋಡುವುದಂತೂ ಸಲ್ಲದು. ಅಂಕಿಗಳನ್ನು ದಾಖಲಿಸಿಕೊಳ್ಳುವ ಸೌಕರ್ಯವಿರುವ ಗೇಜನ್ನು ಕೊಂಡು, ಮುಚ್ಚಿದ ಮೈದಾನದಲ್ಲೋ ಡೈನೋ ಯಂತ್ರದ ಮೇಲೋ ಪರೀಕ್ಷಿಸಿ, ಆಮೇಲೆ ನಿಶ್ಚಿಂತೆಯಿಂದ ಕುಳಿತು ಓದಬೇಕು.

ಇದನ್ನೆಲ್ಲ ಕೇಳಿದ ಹುಡುಗ ಬಣ್ಣದ ದೀಪವನ್ನು ಬಿಟ್ಟು ಅಂಕಿಯನ್ನೇ ಆರಿಸಿಕೊಂಡ. ತಂದೆಗೆ ಲ್ಯಾಂಬ್ಡಾ ಎಂಬ ಗ್ರೀಕ್ ಅಕ್ಷರ ಅರ್ಥವಾಗಲಿಲ್ಲ, ಆಣೆವಾರಿ ಒಡನೆಯೇ ಅರ್ಥವಾಯಿತು.

ಮನೆಯ ಹಿರಿಯರು ಹಣ ಕೊಡುವ ಮೊದಲು ವಿಚಾರಿಸಬೇಕಾದ ಇನ್ನೊಂದು ಸಂಗತಿಯಿದೆ. ಗೇಜು ಅಳೆಯುವ ಸಾಧನ. ಅದರ ನೆಪದಲ್ಲಿ ಗಾಡಿಯನ್ನು ಮನಬಂದಂತೆ ಮಾರ್ಪಡಿಸಲು ಪರವಾನಗಿ ದೊರೆಯುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆಗಳನ್ನು ತಡೆಯುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಗ್ಯಾಸಿನ ಕಿಟ್ಟು ಹಾಕಿಸುವುದಾದರೂ ಮಾನ್ಯತೆ ಪಡೆದದ್ದನ್ನೇ ಹಾಕಿಸಿ, ನೋಂದಣಿ ಪತ್ರದಲ್ಲಿ ಬರೆಯಿಸಬೇಕು. ಸ್ಪರ್ಧೆಯ ಗಾಡಿ ಸ್ಪರ್ಧೆಯ ಬಯಲಿನಲ್ಲಿರಲಿ. ಸಂಸಾರವನ್ನು ಹೊರುವ ಗಾಡಿ ತನ್ನ ಕಾಗದಪತ್ರಕ್ಕೆ ಹೊಂದಿಕೊಂಡಿರಲಿ. ಒಂದೇ ಗಾಡಿಯಿಂದ ಎರಡೂ ಕೆಲಸ ಆಗಬೇಕೆಂಬ ಮನೆಯಲ್ಲಿ, ಯಾವ ಕೆಲಸ ಮೊದಲನೆಯದೆಂದು ಅಣ್ಣತಮ್ಮಂದಿರೂ ತಂದೆಯೂ ಗೇಜು ಕೊಳ್ಳುವ ಮುನ್ನವೇ ಕುಳಿತು ತೀರ್ಮಾನಿಸಿಕೊಳ್ಳುವುದು ಒಳಿತು.