ಅಂಬಿಗೇರ ಗುಡಿಯ ಪಕ್ಕದ ಮನೆ

ಐಹೊಳೆಯ ಗುಡಿಗಳ ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ. ಲಾಡಖಾನ್ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ. ಯಾವ ಚಾಲುಕ್ಯ ದೊರೆಯೂ ಇಟ್ಟ ಹೆಸರುಗಳಲ್ಲ ಇವು. ರಾಜ್ಯ ಅಳಿದು, ಪೂಜೆ ನಿಂತ ಮೇಲೆ ಹಾಳುಬಿದ್ದ ಕಲ್ಲಿನ ನೆರಳಲ್ಲಿ ಒಲೆ ಹೂಡಿದವರ, ದನ ಕಟ್ಟಿದವರ, ಹುಟ್ಟು ಹಾಕಿದವರ, ಉಳಿ ಹಿಡಿದವರ ಗುರುತು. ಲಾಡಖಾನ್ ಎಂಬಾತ ಆ ಗುಡಿಯಲ್ಲೇ ವಾಸವಿದ್ದನಂತೆ. ಪುರಾತತ್ವ ಇಲಾಖೆಯ ಫಲಕದ ಮೇಲೂ ಅವನದೇ ಹೆಸರು. ಆ ಫಲಕದ ಪಕ್ಕದ ಮನೆಯವನು ಮಾತ್ರ ಇವತ್ತು ಸರ್ಕಾರದ ಕಡತದಲ್ಲಿ ಒಂದು ತೊಡಕು.

ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದು. ಅದರ 2010ರ ತಿದ್ದುಪಡಿ ಪ್ರತಿ ರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ಪ್ರದೇಶ ಎಂದಿತು. ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಬಯಲಲ್ಲಿ ಒಂಟಿಯಾಗಿ ನಿಂತ ಗುಡಿಗೆ ಈ ಲೆಕ್ಕ ಸರಿ. ಐಹೊಳೆಯಲ್ಲಿ ಒಂದು ಗುಡಿಯ ನೂರು ಮೀಟರ್ ಮುಗಿಯುವ ಮೊದಲೇ ಇನ್ನೊಂದರದು ಶುರುವಾಗುತ್ತದೆ. ಇಡೀ ಊರೇ ಗೆರೆಯೊಳಗೆ.

ಮಗನಿಗೆ ಮದುವೆಯಾಯಿತು, ಸೊಸೆ ಬಂದಳು, ಒಂದು ಕೋಣೆ ಬೇಕು. ಮೇಲಕ್ಕೆ ಏರಿಸಿದರೂ ಅಡ್ಡಕ್ಕೆ ಚಾಚಿದರೂ ಕಾಯ್ದೆಯ ಕಣ್ಣಿಗೆ ಅದು ಹೊಸ ನಿರ್ಮಾಣ. ಎರಡು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ದುರಸ್ತಿಗೆ ಅವಕಾಶ ಇದೆಯಲ್ಲ ಎನ್ನುತ್ತಾರೆ. ಇದೆ. 1992ರ ಜೂನ್ 16ಕ್ಕೆ ಮುಂಚೆಯೇ ಮನೆ ಇತ್ತೆಂದು ರುಜುವಾತು ಮಾಡಿ, ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಅದು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಮೇಜು ಮುಟ್ಟಿ ಬರುವವರೆಗೆ ಕಾಯಬೇಕು. ಮುತ್ತಜ್ಜ ಮಣ್ಣು ತುಳಿದು ಕಟ್ಟಿದ ಮನೆಗೆ ಯಾವ ನಕ್ಷೆ, ಯಾವ ರಸೀದಿ? ಸೋರುವ ಮಾಳಿಗೆ ದೆಹಲಿಯ ಸಹಿಗೆ ಕಾಯುತ್ತದೆಯೇ?

ಇದಕ್ಕಿಂತ ಕ್ರೂರವಾದ ಮಾತೊಂದಿದೆ. ನಿಷೇಧಿತ ಪ್ರದೇಶದಲ್ಲಿ ದುರಸ್ತಿಗೆ ಅರ್ಜಿ ಹಾಕಬಹುದು, ಬಿದ್ದ ಮನೆಯನ್ನು ಮತ್ತೆ ಕಟ್ಟಲು ಅರ್ಜಿಯೂ ಇಲ್ಲ. 2019ರಲ್ಲಿ ಮಲಪ್ರಭೆ ದಡ ಮೀರಿ ಹತ್ತಿರದ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದ್ದನ್ನು ನಾಡೆಲ್ಲ ನೋಡಿತು. ಕಲ್ಲಿನ ಗುಡಿ ನೀರಲ್ಲಿ ನಿಂತೀತು. ಮಣ್ಣಿನ ಗೋಡೆ ನಿಲ್ಲುವುದಿಲ್ಲ.

ಸರ್ಕಾರ ತನಗೆ ತಾನೇ ಇಷ್ಟು ಕಟ್ಟುನಿಟ್ಟಾಗಿದೆಯೇ? ನಿಷೇಧಿತ ಪ್ರದೇಶದಲ್ಲಿ ತನ್ನ ಕಾಮಗಾರಿಗಳಿಗೆ ದಾರಿ ಮಾಡಿಕೊಳ್ಳಲು ಕೇಂದ್ರವೇ 2017ರಲ್ಲಿ ಮಸೂದೆ ತಂದಿತು. 2018ರ ಜನವರಿಯಲ್ಲಿ ಲೋಕಸಭೆ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಹೆದ್ದಾರಿ ಬಂದರೆ ಗೆರೆ ಬಾಗಬೇಕು, ಬಡವನ ಅಡುಗೆಮನೆಗೆ ಮಾತ್ರ ಕಲ್ಲಾಗಿ ನಿಲ್ಲಬೇಕು. ಹಂಪಿಯಲ್ಲೂ ಕಂಡದ್ದು ಇದೇ. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬದುಕಿದ್ದವರ ಮೇಲೆ ಬುಲ್ಡೋಜರ್ ಬಂತು. ಪೇಟೆಯಾಗಿ ಹುಟ್ಟಿದ ಬೀದಿಯಿಂದ ಪೇಟೆಯವರನ್ನೇ ಎಬ್ಬಿಸಿ, ಉಳಿದ ಬರಿಗಲ್ಲಿಗೆ ಪರಂಪರೆ ಎಂದರು.

ಗುಡಿ ಕೆಡವಿ ಎಂದು ನಾನು ಕೇಳುತ್ತಿಲ್ಲ. ಐಹೊಳೆಯ ಗುಡ್ಡದ ಮೇಲಿನ ಮೇಗುತಿ ಗುಡಿಯ ಗೋಡೆಯಲ್ಲಿ 634ರಲ್ಲಿ ರವಿಕೀರ್ತಿ ಕೆತ್ತಿಸಿದ ಪುಲಕೇಶಿಯ ಪ್ರಶಸ್ತಿ ನನ್ನದೂ ಹೌದು. ಆದರೆ ಆ ಗುಡ್ಡಕ್ಕೆ ಬಂಡೆ ಹೊತ್ತವರ ಹೆಸರು ಅದರಲ್ಲಿಲ್ಲ. ಅಂಥವರ ಹೆಸರು ಉಳಿದಿರುವುದು ಊರವರ ಬಾಯಲ್ಲಿ, ಅಂಬಿಗೇರ ಗುಡಿ, ಬಡಿಗೇರ ಗುಡಿ ಎಂಬ ಕರೆಯಲ್ಲಿ. ಊರನ್ನೇ ಎಬ್ಬಿಸಿದರೆ ಆ ಹೆಸರು ಕರೆಯುವವರು ಯಾರು?

ಐಹೊಳೆಯ ಸ್ಥಳಾಂತರದ ಮಾತು ದಶಕಗಳಿಂದ ನಡೆದಿದೆ. ಹೋಗುವ ಊರಲ್ಲಿ ಗೋಡೆಗೆ ಸುಣ್ಣವನ್ನಾದರೂ ಯಾರು ಬಳಿಸುತ್ತಾರೆ? ಮಾಡುವುದಾದರೆ ಹೊಲಕ್ಕೆ ನಡೆದುಹೋಗುವಷ್ಟು ಹತ್ತಿರ ಜಾಗ ಕೊಟ್ಟು, ಮನೆ ಕಟ್ಟಿಸಿ, ಹಕ್ಕುಪತ್ರ ಕೈಗಿತ್ತ ಮೇಲೆ ಮಾಡಿ. ಆಗದಿದ್ದರೆ ಬರುವ ಮಳೆಗಾಲಕ್ಕೆ ಮುಂಚೆ ಅವರ ಮಾಳಿಗೆಯನ್ನು ಅವರು ಕಟ್ಟಿಕೊಳ್ಳಲು ಬಿಡಿ.