ಎರಡು ವರ್ಷದ ಕೂಸು, ಒಂದು ಗಾಳಿ ಟ್ಯೂಬು

ಬೇಸಿಗೆ ಸೂಟಿ. ಬೆಂಗಳೂರಿನಿಂದ ಮಗ, ಸೊಸೆ, ಎರಡು ವರ್ಷದ ಮೊಮ್ಮಗಳು ಮುಳವಾಡದ ಮನೆಗೆ ಬಂದಿಳಿದಿದ್ದಾರೆ. ವಿಜಯಪುರದ ಬಿಸಿಲು ನಲವತ್ತು ಡಿಗ್ರಿ ದಾಟಿದೆ. ಮರುದಿನ ಈಜುಕೊಳಕ್ಕೆ ಹೋಗುವುದೆಂದು ಮಗ ಚೀಲದಿಂದ ಒಂದೊಂದೇ ಸಾಮಾನು ತೆಗೆದು ಪಡಸಾಲೆಯಲ್ಲಿ ಹರಡುತ್ತಾನೆ. ಬಾತುಕೋಳಿಯ ಮುಖವಿರುವ ಗಾಳಿ ಟ್ಯೂಬು, ತೋಳಿಗೆ ಹಾಕುವ ಎರಡು ಗಾಳಿ ಪಟ್ಟಿ, ಒಂದು ಪುಟ್ಟ ಕನ್ನಡಕ. ಮುತ್ಯಾ ಟ್ಯೂಬನ್ನು ಕೈಯಲ್ಲಿ ಹಿಡಿದು ಒತ್ತಿ ನೋಡುತ್ತಾನೆ.

‘ಇದರಾಗಿನ ಗಾಳಿ ಹೋದರ ಕೂಸು ಎಲ್ಲಿ ಹೋಗ್ತದ?’

‘ಹೋಗೂದಿಲ್ಲಪ್ಪಾ, ಒಳಗ ಎರಡು ಖೋಲಿ ಅದಾವ. ಒಂದು ಹೋದರ ಇನ್ನೊಂದು ಇರ್ತದ.’

‘ಎರಡು ಇರಲಿ, ಹತ್ತು ಇರಲಿ. ಹಿಡಕೊಳ್ಳಾವ ಯಾರು?’

ಮಗನಿಗೆ ಇದು ಹಳ್ಳಿಯವರ ಅತಿಭಯ ಎನ್ನಿಸಬಹುದು. ಆದರೆ ನೀರಿನ ಸುರಕ್ಷತೆ ಬಲ್ಲವರು ಯಾರೇ ಆದರೂ ಮೊದಲು ಕೇಳುವ ಪ್ರಶ್ನೆ ಮುತ್ಯಾ ಕೇಳಿದ್ದೇ.

ಈ ಭಾಗದಲ್ಲಿ ಈಸು ಕಲಿತವರಿಗೆ ತೇಲುವ ಸಾಧನ ಹೊಸದಲ್ಲ. ಹೊಲದ ಬಾವಿಯಲ್ಲಿ ಹುಡುಗರು ಒಣಗಿದ ಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಕಲಿತರು. ಆಮೇಲೆ ಬಂದದ್ದು ಬಾಯಿ ಬಿಗಿದ ಎಣ್ಣೆ ಡಬ್ಬಿ, ಟ್ರ್ಯಾಕ್ಟರ್ ಟ್ಯೂಬು. ಬುರುಡೆಯನ್ನು ಯಾರೂ ಹಗುರವಾಗಿ ಕಾಣಬೇಕಿಲ್ಲ. 2013ರ ಜುಲೈ ಕೊನೆಯಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಾಗ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯಿಂದ ಒಬ್ಬ ತುಂಬು ಗರ್ಭಿಣಿ ಆಸ್ಪತ್ರೆ ತಲುಪಲು ಒಣಬುರುಡೆಗಳನ್ನು ಮೈಗೆ ಕಟ್ಟಿಕೊಂಡೇ ಹೊಳೆ ದಾಟಿದಳು. ಸುದ್ದಿ ದೇಶದಾಚೆಗೂ ಹೋಯಿತು. ಎಲ್ಲರೂ ಬುರುಡೆಯನ್ನೂ ಆಕೆಯ ಧೈರ್ಯವನ್ನೂ ಹೊಗಳಿದರು. ಆದರೆ ಆ ನೀರಿನಲ್ಲಿ ಆಕೆ ಒಬ್ಬಳೇ ಇರಲಿಲ್ಲ, ಹೊಳೆಯ ಸೆಳವು ಬಲ್ಲ ತಂದೆ ಮತ್ತು ಅಣ್ಣತಮ್ಮಂದಿರು ಜೊತೆಗೆ ಈಜುತ್ತಿದ್ದರು ಎಂಬುದನ್ನು ಎಷ್ಟೋ ಜನ ಮರೆತರು.

ಬಾವಿಯಲ್ಲೂ ಹಾಗೆಯೇ. ಹುಡುಗನ ಬೆನ್ನಿಗೆ ಬುರುಡೆ, ನಡುವಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಮೇಲೆ ನಿಂತ ಕಾಕಾನ ಕೈಯಲ್ಲಿ. ಇನ್ನೊಂದು ಮಾತು: ಬಾವಿಗೆ ಇಳಿಸುತ್ತಿದ್ದದ್ದು ಹೇಳಿದ್ದು ತಿಳಿಯುವ ಏಳೆಂಟು ವರ್ಷದ ಹುಡುಗರನ್ನು. ಎರಡು ವರ್ಷದ ಕೂಸನ್ನು ಯಾರೂ ಬುರುಡೆ ಕಟ್ಟಿ ಬಾವಿಗೆ ಬಿಡುತ್ತಿರಲಿಲ್ಲ. (ಹುಡುಗಿಯರನ್ನು ಯಾವ ವಯಸ್ಸಿನಲ್ಲೂ ಬಿಡುತ್ತಿರಲಿಲ್ಲವೆನ್ನುವುದು ಬೇರೆ ಸಂಕಟ; ಅದರ ಬೆಲೆಯನ್ನು ಬಟ್ಟೆ ಒಗೆಯಲು ಹೋದ ಹೆಣ್ಣುಮಕ್ಕಳು ತೆತ್ತಿದ್ದಾರೆ.) ಹಾಗಾಗಿ ಕೂಸನ್ನು ನೀರಿಗಿಳಿಸುವ ವಿಷಯದಲ್ಲಿ ಹಿರಿಯರ ಅನುಭವವೂ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಅಂಗಡಿಯವನ ಮಾತೇ ಗತಿ ಎನ್ನುವಂತಾಗಿದೆ.

ಅಂಗಡಿಗೆ ಹೋಗುವ ಮುನ್ನ ಸ್ವಲ್ಪ ವಿಜ್ಞಾನ. ಶಾಲೆಯಲ್ಲಿ ಆರ್ಕಿಮಿಡೀಸನ ತತ್ವ ಓದಿದ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಬಹುದು. ಬಾಯಿ ಬಿಗಿದ ಐದು ಲೀಟರಿನ ಖಾಲಿ ಡಬ್ಬಿಯನ್ನು ಪೂರ್ತಿ ಮುಳುಗಿಸಿದರೆ ಅದು ಐದು ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಐದು ಲೀಟರ್ ನೀರೆಂದರೆ ಐದು ಕಿಲೋ. ಡಬ್ಬಿಯ ಸ್ವಂತ ತೂಕ ಕಳೆದರೆ ಸುಮಾರು ಅಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ದೂಡುತ್ತದೆ. ಭೌತಶಾಸ್ತ್ರದ ಭಾಷೆಯಲ್ಲಿ ಇದು ಹತ್ತಿರ ಹತ್ತಿರ 50 ನ್ಯೂಟನ್. ಒಳ್ಳೆಯ ತೇಲು ಜಾಕೆಟ್ಟಿನ ಒಳಗಡೆ ಹೊಲಿದ ಚೀಟಿಯಲ್ಲಿ 50, 100, 150 ಎಂದು ಬರೆದಿರುತ್ತದಲ್ಲ, ಅದು ಇದೇ ನ್ಯೂಟನ್ನಿನ ದರ್ಜೆ. ಮಕ್ಕಳ ಅಳತೆಯ ಜಾಕೆಟ್ಟಿನಲ್ಲಿ ನಿಜವಾದ ಬಲ ಇದಕ್ಕಿಂತ ಕಡಿಮೆ ಇರಬಹುದು, ಸಂಖ್ಯೆ ಹೇಳುವುದು ದರ್ಜೆಯನ್ನು.

ದೇಹಕ್ಕೆ ಇಷ್ಟೇ ಬಲ ಹೇಗೆ ಸಾಕಾಗುತ್ತದೆ ಎಂದು ಮಕ್ಕಳು ಕೇಳುತ್ತಾರೆ. ನೀರಿನೊಳಗೆ ಮುಳುಗಿದ ಮೈ ತೂಕವೇ ಇಲ್ಲದಂತೆ ಹಗುರಾಗುತ್ತದೆ. ಭಾರವಾಗುವುದು ನೀರಿನಿಂದ ಹೊರಗೆ ಎತ್ತಿ ಹಿಡಿದ ತಲೆ. ಕೂಸಿನ ತೊಂದರೆ ಇರುವುದೂ ಅಲ್ಲೇ. ದೊಡ್ಡವರ ತಲೆ ದೇಹದ ಉದ್ದದಲ್ಲಿ ಸುಮಾರು ಏಳೆಂಟನೆಯ ಒಂದು ಪಾಲು. ಹುಟ್ಟಿದ ಕೂಸಿನದು ನಾಲ್ಕರಲ್ಲಿ ಒಂದು ಪಾಲು, ಎರಡು ವರ್ಷಕ್ಕೆ ಐದರಲ್ಲಿ ಒಂದು ಪಾಲು. ತಲೆ ಭಾರ, ಕುತ್ತಿಗೆ ಎಳಸು. ಮುಂದಕ್ಕೆ ವಾಲಿದರೆ ತಾನಾಗಿ ಮೇಲೇಳಲಾರದು. ದನದ ಬಾನಿಯಲ್ಲಿ, ಬಚ್ಚಲಮನೆಯ ಬಕೆಟ್ಟಿನಲ್ಲಿ ಗೇಣು ನೀರಿದ್ದರೂ ಅಪಾಯ ಎನ್ನುವುದು ಇದಕ್ಕೇ.

ಈಗ ಆ ಬಾತುಕೋಳಿ ಟ್ಯೂಬಿನ ಕಥೆ. ನಡುವಿನ ಸುತ್ತ ಗಾಳಿ, ಮೇಲೆ ಭಾರದ ತಲೆ. ಒಂದು ಅಲೆ ಬಂದು ಬಡಿದರೆ, ಪಕ್ಕದ ಹುಡುಗ ಹಾರಿ ನೀರು ಕುಲುಕಿದರೆ, ಟ್ಯೂಬು ಮಗುಚುತ್ತದೆ. ಕಾಲು ತೂರಿಸಲು ತೂತುಗಳಿರುವ, ಕೂರುವ ಬಗೆಯದಾದರೆ ಕಾಲು ಅಲ್ಲೇ ಸಿಕ್ಕಿಕೊಂಡು ಕೂಸು ತಲೆಕೆಳಗಾಗಿ ನಿಲ್ಲುತ್ತದೆ. ಕಾಲು ತೂತು ಇಲ್ಲದ್ದಾದರೆ ಕೂಸು ಕೈ ಮೇಲೆತ್ತಿದ ಕ್ಷಣ ಕೆಳಗೆ ಜಾರುತ್ತದೆ. ಟ್ರ್ಯಾಕ್ಟರ್ ಟ್ಯೂಬಿನ ದೋಷವೂ ಇದೇ, ಜೊತೆಗೆ ಗಾಳಿ ತುಂಬುವ ಲೋಹದ ನಳಿಕೆ ಮೈ ಗೀರುತ್ತದೆ. ಆಟಿಕೆಯನ್ನು ಆಟಿಕೆಯೆಂದೇ ನೋಡಿದರೆ ತಪ್ಪಿಲ್ಲ, ಪ್ರಾಣರಕ್ಷಕವೆಂದು ನಂಬಬಾರದು. ಅನೇಕ ಪೊಟ್ಟಣಗಳ ಮೇಲೆ ಕಂಪನಿಯವರೇ ಸಣ್ಣ ಅಕ್ಷರದಲ್ಲಿ ಈ ಮಾತು ಅಚ್ಚು ಹಾಕಿರುತ್ತಾರೆ. ಕೊಳ್ಳುವವರು ಬಾತುಕೋಳಿಯನ್ನು ನೋಡುತ್ತಾರೆಯೇ ಹೊರತು ಅಕ್ಷರವನ್ನಲ್ಲ.

ಕುತ್ತಿಗೆಗೆ ಹಾಕುವ ಗಾಳಿ ಬಳೆಯ ಸುದ್ದಿಗೇ ಹೋಗಬೇಡಿ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2022ರಲ್ಲಿ ಸಾವಿನ ಪ್ರಕರಣವೊಂದರ ಬಳಿಕ ಅದರ ಬಗ್ಗೆ ಎಚ್ಚರಿಕೆ ಹೊರಡಿಸಿತು.

ತೋಳಿನ ಗಾಳಿ ಪಟ್ಟಿ ಟ್ಯೂಬಿಗಿಂತ ವಾಸಿ. ಆದರೆ ಒದ್ದೆ ತೋಳಿನಿಂದ ಅದು ಜಾರುತ್ತದೆ, ಹಲ್ಲಿನಿಂದ ಕಚ್ಚಿದರೆ ತೂತಾಗುತ್ತದೆ. ಈಜು ಕಲಿಸುವವರಿಗೆ ಅದರ ಮೇಲೆ ಇನ್ನೊಂದು ತಕರಾರು ಇದೆ. ಪಟ್ಟಿ ಕಟ್ಟಿದ ಕೂಸು ನೀರಿನಲ್ಲಿ ಕಂಬದಂತೆ ನೆಟ್ಟಗೆ ನಿಂತು ಸೈಕಲ್ ತುಳಿದಂತೆ ಕಾಲಾಡಿಸುತ್ತದೆ. ಈಜು ಎಂದರೆ ಅಡ್ಡ ಮಲಗುವುದು. ನೆಟ್ಟಗೆ ನಿಲ್ಲುವುದನ್ನು ಒಂದು ಬೇಸಿಗೆ ಕಲಿತ ಮಗುವಿಗೆ ಮುಂದಿನ ಬೇಸಿಗೆ ಅದನ್ನು ಮರೆಸಬೇಕು. ನಮ್ಮ ಬೆನ್ನಿನ ಬುರುಡೆ ಈ ಒಂದು ವಿಷಯದಲ್ಲಿ ಬುದ್ಧಿವಂತ: ಅದು ಕಲಿಯುವವನನ್ನು ಹೊಟ್ಟೆಯ ಮೇಲೆ ಅಡ್ಡ ಮಲಗಿಸುತ್ತಿತ್ತು. ಆ ಗುಣವೇ ಕೂಸಿಗೆ ಕುತ್ತು, ಮುಖ ನೀರಿಗೇ ಬೀಳುತ್ತದೆ. ಹಾಗಾಗಿ ಊರಿನ ಮೇಲಿನ ಅಭಿಮಾನಕ್ಕೆ ಕೂಸಿನ ಬೆನ್ನಿಗೆ ಡಬ್ಬಿ ಕಟ್ಟುವುದೂ ಬೇಡ.

ಉಳಿದದ್ದು ಜಾಕೆಟ್ಟು. ಗಾಳಿ ತುಂಬುವುದಲ್ಲ, ಒಳಗೆ ಗಟ್ಟಿ ಫೋಮ್ ಇರುವುದು. 50ರ ದರ್ಜೆಯದು ಈಜು ಬಲ್ಲವರಿಗೆ, ನೆರವು ಹತ್ತಿರವಿರುವ ಕಡೆ ಬಳಸಲು. 100 ಮತ್ತು ಅದರ ಮೇಲಿನವು ಮುಂದಿನ ಭಾಗದಲ್ಲಿ ಹೆಚ್ಚು ತೇಲುವಂತೆ, ಕುತ್ತಿಗೆಯ ಹಿಂದೆ ಕಾಲರ್ ಇರುವಂತೆ ಮಾಡಿದವು. ಬೋರಲು ಬಿದ್ದವರನ್ನು ಮುಖ ಮೇಲಾಗಿ ತಿರುಗಿಸುವ ಉದ್ದೇಶದವು. ದೋಣಿ ಹತ್ತುವಾಗ, ಆಲಮಟ್ಟಿಯ ಹಿನ್ನೀರಿನಂಥ ತೆರೆದ ನೀರಿನ ಬಳಿ ಹೋಗುವಾಗ ಈಜು ಬಾರದ ಕೂಸಿಗೆ ಇಂಥದೇ ಬೇಕು. ಈಜುಕೊಳದ ಮೊಣಕಾಲುದ್ದ ನೀರಿನಲ್ಲಿ, ತಂದೆ ತಾಯಿ ಕೈ ಹಿಡಿದೇ ಇರುವಾಗ, ಮೈಗೆ ಅಂಟುವ ಸಣ್ಣ ಫೋಮ್ ಜಾಕೆಟ್ಟು ನಡೆದೀತು.

ಅಳತೆಯಲ್ಲಿ ಜಿಪುಣತನ ಸಲ್ಲದು. ‘ಇರಲಿ, ಮುಂದಿನ ವರ್ಷಕ್ಕೂ ಆಗ್ತದ’ ಎಂದು ಅಂಗಿ ಕೊಂಡಂತೆ ದೊಡ್ಡದು ಕೊಂಡರೆ ಕೂಸು ಒಳಗೇ ಜಾರುತ್ತದೆ. ಚೀಟಿಯಲ್ಲಿ ವಯಸ್ಸಿಗಿಂತ ತೂಕ ನೋಡಬೇಕು. ಅಂಗಡಿಯಲ್ಲೇ ಹಾಕಿಸಿ, ಎಲ್ಲ ಬಕಲ್ ಬಿಗಿದು, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ಟು ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅದು ಆ ಕೂಸಿನದಲ್ಲ. ಎರಡು ಕಾಲಿನ ನಡುವೆ ಹಾಯುವ ಪಟ್ಟಿ ಇರಲೇಬೇಕು. ಜಾಕೆಟ್ಟು ಮೇಲೇರದಂತೆ ತಡೆಯುವುದು ಅದೇ. ಅಳುತ್ತದೆಂದು ಆ ಪಟ್ಟಿಯನ್ನೇ ಬಿಚ್ಚಿಡುವ ತಾಯಂದಿರಿದ್ದಾರೆ. ಬಣ್ಣ ಕಿತ್ತಳೆ, ಇಲ್ಲವೆ ಕಣ್ಣಿಗೆ ಹೊಡೆಯುವ ಹಳದಿ. ಕೊಳದ ತಳ ನೀಲಿಯಾಗಿರುವಾಗ ನೀಲಿ ಬಟ್ಟೆಯ ಕೂಸು ಮುಳುಗಿದರೆ ದಡದಲ್ಲಿದ್ದವರಿಗೆ ಕಾಣುವುದೇ ಇಲ್ಲ.

ಇಷ್ಟೆಲ್ಲ ಮಾಡಿಯೂ ಅವಘಡವಾಗುವುದು ಯಾವಾಗ? ಜಾಕೆಟ್ಟು ಬಿಚ್ಚಿದ ಮೇಲೆ. ಅರ್ಧ ಗಂಟೆ ನೀರು ತನ್ನನ್ನು ಎತ್ತಿ ಹಿಡಿದದ್ದನ್ನು ಕೂಸು ಕಂಡಿದೆ. ಎತ್ತಿ ಹಿಡಿದದ್ದು ಫೋಮ್ ಎಂದು ಅದಕ್ಕೆ ತಿಳಿಯದು. ದೊಡ್ಡವರು ಚುರುಮುರಿ ಪೊಟ್ಟಣ ಬಿಚ್ಚುವಾಗ ಅದು ಮತ್ತೆ ನೀರಿನ ಕಡೆ ನಡೆಯುತ್ತದೆ. ಮುಳುಗುವವರು ಕೂಗಿಕೊಳ್ಳುತ್ತಾರೆ, ಕೈ ಬಡಿಯುತ್ತಾರೆ ಎಂಬುದು ಸಿನಿಮಾದ ಮಾತು. ಉಸಿರಿಗೇ ಬಾಯಿ ಸಾಲದಿರುವಾಗ ಕೂಗುವುದೆಲ್ಲಿ? ಕೂಸು ಸದ್ದಿಲ್ಲದೆ, ಒಂದೆರಡು ನಿಮಿಷದಲ್ಲಿ ಹೋಗಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷ ತುಂಬದ ಮಕ್ಕಳು.

ಆದ್ದರಿಂದ ನೀರಿನಲ್ಲಿರುವ ಕೂಸು ಸದಾ ಕೈಗೆಟಕುವಷ್ಟು ಹತ್ತಿರ ಇರಬೇಕು. ‘ಎಲ್ಲಾರೂ ಇದ್ದೀವಲ್ಲ’ ಎನ್ನುವ ಕಡೆ ಯಾರೂ ನೋಡುತ್ತಿರುವುದಿಲ್ಲ. ಹದಿನೈದು ನಿಮಿಷ ಅಪ್ಪ, ಹದಿನೈದು ನಿಮಿಷ ಅವ್ವ ಎಂದು ಪಾಳಿ ಹಚ್ಚಿಕೊಳ್ಳುವುದು ಮೇಲು. ಪಾಳಿಯಲ್ಲಿದ್ದವರ ಕೈಯಲ್ಲಿ ಫೋನು ಬೇಡ. ಹತ್ತು ವರ್ಷದ ಅಕ್ಕನಿಗೆ ಕೂಸು ಒಪ್ಪಿಸಿ ಹೋಗುವುದಂತೂ ಆ ಅಕ್ಕನಿಗೆ ಮಾಡುವ ಅನ್ಯಾಯ.

ಮುಳವಾಡದವರಿಗೆ ಈ ಮಾತು ಈಜುಕೊಳಕ್ಕೆ ಮುಗಿಯುವುದಿಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನೀರು ಈ ಎತ್ತರದ ಎರೆಹೊಲಗಳ ಕಡೆ ಹರಿಯಲು ದಶಕಗಳು ಬೇಕಾದವು. ಈ ಊರಿನ ಹೆಸರಿನದೇ ಏತ ನೀರಾವರಿ ಯೋಜನೆಯಿಂದ ಕಾಲುವೆ ಬಂತು, ಬತ್ತಿ ಬಿರುಕು ಬಿಡುತ್ತಿದ್ದ ಕೆರೆಗಳಿಗೆ ನೀರು ತುಂಬಿತು. 2014ರ ಕೃಷಿಭಾಗ್ಯ ಯೋಜನೆಯ ಮೇಲೆ ಹೊಲಗಳಲ್ಲಿ ಕೃಷಿ ಹೊಂಡಗಳೂ ಎದ್ದವು. ಕೊಡ ನೀರಿಗೆ ಕಾದು ನಿಂತ ಜನಕ್ಕೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲ. ಆದರೆ ಮೂರು ಮೀಟರ್ ಆಳದ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಈಜು ಬಲ್ಲ ಗಂಡಸಿಗೂ ಕಾಲೂರಲು ಬಿಡುವುದಿಲ್ಲ. ಕಾಲುವೆಯ ಇಳಿಜಾರು ಕಾಂಕ್ರೀಟಿಗೆ ಪಾಚಿ ಕಟ್ಟಿದರೆ ಅದೂ ಅಷ್ಟೇ. ಹೊಂಡದ ಸುತ್ತ ತಂತಿ ಬೇಲಿ, ದಂಡೆಗೆ ಗಂಟು ಹಾಕಿದ ಒಂದು ಹಗ್ಗ, ಅದರ ತುದಿಗೆ ಬಾಯಿ ಬಿಗಿದ ಐದು ಲೀಟರಿನ ಡಬ್ಬಿ — ಇವಕ್ಕೆ ಹೆಚ್ಚು ಖರ್ಚಿಲ್ಲ. ಬಿದ್ದವರ ಹಿಂದೆ ತಾವೂ ಹಾರಿ ಇಬ್ಬರೂ ಹೋದ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಡಬ್ಬಿ ಎಸೆಯುವುದನ್ನು ಶಾಲೆಯ ಹುಡುಗರೂ ಕಲಿಯಬಹುದು.

ಹೊರಗೆ ತೆಗೆದ ಕೂಸನ್ನು ಕಾಲು ಹಿಡಿದು ತಲೆಕೆಳಗೆ ತೂಗುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಹಳ್ಳಿಗಳಲ್ಲಿ ಇನ್ನೂ ಉಂಟು. ಅದರಿಂದ ಬೆಲೆಯುಳ್ಳ ನಿಮಿಷಗಳು ವ್ಯರ್ಥ. ಉಸಿರಾಡದಿದ್ದರೆ ತಕ್ಷಣ ಬಾಯಿಗೆ ಉಸಿರು ಊದಿ, ಎದೆ ಒತ್ತಬೇಕು. ಒಬ್ಬರು 108ಕ್ಕೆ ಫೋನು ಮಾಡಬೇಕು. ಊದುವುದು ಒತ್ತುವುದು ಹೇಗೆಂದು ಓದಿ ಬಾರದು, ಬೊಂಬೆಯ ಮೇಲೆ ಒಮ್ಮೆ ಕೈಯಾರೆ ಮಾಡಿ ಕಲಿಯಬೇಕು.

ಮರುದಿನ ಮಗ ವಿಜಯಪುರದ ಪೇಟೆಯಲ್ಲಿ ಮೂರು ಅಂಗಡಿ ತಿರುಗಿ ಕಿತ್ತಳೆ ಬಣ್ಣದ ಜಾಕೆಟ್ಟು ತಂದ. ಮೊಮ್ಮಗಳಿಗೆ ಹಾಕಿ ಭುಜ ಹಿಡಿದು ಎತ್ತಿದರೆ ಕೂಸು ಸಮೇತ ಮೇಲೆ ಬಂತು, ಗಲ್ಲ ಅಲ್ಲಾಡಲಿಲ್ಲ. ಕಾಲಿನ ಪಟ್ಟಿಯನ್ನು ಮುತ್ಯಾ ತಾನೇ ಎಳೆದು ನೋಡಿದ. ಬಾತುಕೋಳಿ ಟ್ಯೂಬು ಅಂಗಳಕ್ಕೆ ಬಂತು. ಆಯಿ ಅದರೊಳಗೆ ಎರಡು ತಂಬಿಗೆ ನೀರು ಚೆಲ್ಲಿ ಕೂಸನ್ನು ಕೂರಿಸಿ, ಪಕ್ಕದಲ್ಲಿ ಮಣೆ ಹಾಕಿಕೊಂಡು ತಾನೂ ಕೂತಳು.