ನರ್ಸ್ ಚೀಟಿ ಬರೆಯಬಹುದೇ?

ಡಿ. ಹಿರೇಹಾಳ್ ಕಡೆಯವರಿಗೆ ಸರ್ಕಾರ ಆಂಧ್ರದ್ದು, ದೊಡ್ಡಾಸ್ಪತ್ರೆ ಮಾತ್ರ ಬಳ್ಳಾರಿಯದು. ಅಲ್ಲಿ ಬರೆಸಿಕೊಂಡ ಬಿಪಿ, ಶುಗರ್ ಚೀಟಿ ಹಿಡಿದು ಬಂದವರಿಗೆ ಊರಲ್ಲಿ ಸಿಗುವುದು ವಿಲೇಜ್ ಕ್ಲಿನಿಕ್ಕಿನ ನರ್ಸ್. ಆಂಧ್ರದಲ್ಲಿ 2023ರ ಏಪ್ರಿಲ್‌ನಲ್ಲಿ ಶುರುವಾದ ಫ್ಯಾಮಿಲಿ ಡಾಕ್ಟರ್ ಯೋಜನೆಯ ಲೆಕ್ಕದಲ್ಲೂ ವೈದ್ಯರು ಒಂದು ಊರಿಗೆ ಬರುವುದು ತಿಂಗಳಿಗೆ ಎರಡು ಸಲ. ಉಳಿದ ದಿನಗಳಲ್ಲಿ ಬಿಪಿ 170 ದಾಟಿದರೆ ಮಾತ್ರೆ ಹೆಚ್ಚಿಸುವ ಅಧಿಕಾರ ಆಕೆಗಿರಬೇಕೇ?

ಬೇಡ ಎನ್ನುವ ವೈದ್ಯರ ಮಾತನ್ನು ಬರೀ ಹುದ್ದೆಯ ಹಮ್ಮು ಎಂದು ತಳ್ಳಿಹಾಕುವುದು ಅನ್ಯಾಯ. ಬಿಪಿಗೆ ದಿನವೂ ಕೊಡುವ ಎನಲಾಪ್ರಿಲ್ ಗರ್ಭಿಣಿಗೆ ಹೋದರೆ ಮಗುವಿನ ಕಿಡ್ನಿಗೇ ಅಪಾಯ. ಜ್ವರ ಬಂದವರಿಗೆಲ್ಲ ಆಂಟಿಬಯಾಟಿಕ್ ಬರೆದರೆ ನಾಳೆ ಆ ಔಷಧವೇ ಕೆಲಸ ಮಾಡುವುದಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು, ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕೆಲವು ಔಷಧಗಳನ್ನು ಸ್ವತಂತ್ರವಾಗಿ ಬರೆಯುವ ಮಿತ ಪರವಾನಗಿಗೆ ದಾರಿ ತೆರೆದಾಗ ಭಾರತೀಯ ವೈದ್ಯಕೀಯ ಸಂಘ ಮುಷ್ಕರ ಹೂಡಿತು.

ಆದರೆ ನರ್ಸ್ ಕೈಕಟ್ಟಿ ಕೂತರೆ ರೋಗಿ ಎಂಬಿಬಿಎಸ್ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾನೆಯೇ? ಬಸ್ ಚಾರ್ಜು, ಒಂದು ದಿನದ ಕೂಲಿ ಎರಡನ್ನೂ ಲೆಕ್ಕ ಹಾಕಿ ಊರಿನ ಆರ್‌ಎಂಪಿ ಹತ್ತಿರ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾನೆ. ಆ ಆರ್‌ಎಂಪಿಗೆ ಬಹುಪಾಲು ಯಾವ ಡಿಗ್ರಿಯೂ ಇರುವುದಿಲ್ಲ. ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದವಳಿಗೆ ಮಾತ್ರ ಕಾನೂನಿನ ಅಡ್ಡಿ. ನನಗೆ ಇದು ಸಹಿಸಲಾಗದ ಸಂಗತಿ.

ಬ್ರಿಟನ್ 1992ರಲ್ಲೇ ಕಾನೂನು ತಂದು, ಮೊದಲು ಸಣ್ಣ ಪಟ್ಟಿಯ ಔಷಧಗಳನ್ನಷ್ಟೇ ನರ್ಸ್‌ಗಳ ಕೈಗೆ ಕೊಟ್ಟಿತು. ಹೆಚ್ಚುಕಡಿಮೆ ಎಲ್ಲ ಔಷಧ ಬರೆಯುವ ಅಧಿಕಾರ ಸಿಕ್ಕಿದ್ದು 2006ರಲ್ಲಿ, ಅದೂ ಬೇರೆ ಕೋರ್ಸು ಮುಗಿಸಿ ನೋಂದಣಿಯಲ್ಲಿ ದಾಖಲಾದವರಿಗೆ. ನಮ್ಮಲ್ಲಿ ವಿಲೇಜ್ ಕ್ಲಿನಿಕ್ಕಿನ ನರ್ಸ್ ಸಮುದಾಯ ಆರೋಗ್ಯ ಅಧಿಕಾರಿಯಾಗಲು ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು ಸಾಕೆಂದೆವು. ಔಷಧಶಾಸ್ತ್ರ ಬಿ.ಎಸ್ಸಿ. ಪಾಠಪಟ್ಟಿಯಲ್ಲಿದೆ, ನಿಜ. ಡೋಸು ತಿಳಿದಿರುವುದು ಬೇರೆ, ಎದುರಿಗೆ ಕೂತವರಿಗೆ ಈ ಮಾತ್ರೆ ಬೇಡ ಎಂದು ನಿರ್ಧರಿಸುವುದು ಬೇರೆ. ಎರಡನೆಯದು ಹಿರಿಯ ವೈದ್ಯರ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂತು ಕಲಿಯಬೇಕಾದದ್ದು.

ಹಾಗಾಗಿ, ವೈದ್ಯರು ಒಮ್ಮೆ ಶುರುಮಾಡಿದ ಬಿಪಿ, ಶುಗರ್ ಮಾತ್ರೆಯನ್ನು ಮುಂದುವರಿಸುವ, ಗೊತ್ತುಪಡಿಸಿದ ಮಿತಿಯೊಳಗೆ ಹೆಚ್ಚುಕಡಿಮೆ ಮಾಡುವ ಅಧಿಕಾರವನ್ನು ತರಬೇತಾದ ನರ್ಸ್‌ಗೆ ಈಗಲೇ ಕೊಡಬಹುದು. ಹೊಸದಾಗಿ ಆಂಟಿಬಯಾಟಿಕ್ ಶುರುಮಾಡುವುದಿದ್ದರೆ ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವನಿಯಲ್ಲಿ ವೈದ್ಯರನ್ನು ಕೇಳಿಯೇ ಆಗಲಿ. ಹಾಗೆ ಫೋನಿನಲ್ಲಿ ಹೇಳಿದ ವೈದ್ಯರ ಹೆಸರನ್ನು ರೋಗಿಯ ಪುಸ್ತಕದಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ ಏನಾದರೂ ಹೆಚ್ಚುಕಡಿಮೆಯಾದಾಗ ಸಿಕ್ಕಿಬೀಳುವವಳು ನರ್ಸ್ ಒಬ್ಬಳೇ. ರೋಗಿ ಮತ್ತೆ ಬಳ್ಳಾರಿಗೆ ಹೋದಾಗ, ಹಿರೇಹಾಳಿನಲ್ಲಿ ಯಾವ ಮಾತ್ರೆ, ಯಾವತ್ತು, ಯಾಕೆ ಬದಲಾಯಿತು ಎಂಬುದು ಅಲ್ಲಿನ ವೈದ್ಯರಿಗೂ ಅದೇ ಪುಸ್ತಕದಲ್ಲಿ ಕಾಣಬೇಕು.